ಒಂದೊಂದೇ ಮಳಿಗೆ, ಒಂದೊಂದೇ ಮತದಾನ: ಅಮೆರಿಕದ ಅಗ್ಗದ ಅಂಗಡಿಗಳಲ್ಲಿ ಕಾರ್ಮಿಕ ಸಂಘ ಏಕೆ ನಿಲ್ಲುವುದಿಲ್ಲ

2000ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಜಾಕ್ಸನ್‌ವಿಲ್ ಎಂಬ ಸಣ್ಣ ಪಟ್ಟಣದ ವಾಲ್‌ಮಾರ್ಟ್ ಮಳಿಗೆಯಲ್ಲಿ, ಮಾಂಸ ಕತ್ತರಿಸುವ ವಿಭಾಗದ ಕೆಲಸಗಾರರು ತಮಗೆ ಕಾರ್ಮಿಕ ಸಂಘ ಬೇಕೇ ಬೇಡವೇ ಎಂದು ಮತ ಹಾಕಿದರು. ಬೇಕು ಎಂದವರು 7 ಮಂದಿ, ಬೇಡ ಎಂದವರು 3 ಮಂದಿ. ಅಮೆರಿಕದ ವಾಲ್‌ಮಾರ್ಟ್ ಮಳಿಗೆಯೊಂದರಲ್ಲಿ ಸಂಘವು ಇಂಥ ಮತದಾನದಲ್ಲಿ ಗೆದ್ದದ್ದು ಅದೇ ಮೊದಲು. ಎರಡು ವಾರ ಕಳೆಯುವುದರೊಳಗೆ ಕಂಪನಿಯು ಜಾಕ್ಸನ್‌ವಿಲ್ ಸೇರಿದಂತೆ ಸುಮಾರು 180 ಮಳಿಗೆಗಳಲ್ಲಿ ಮಾಂಸವನ್ನು ಅಲ್ಲೇ ಕತ್ತರಿಸುವ ಪದ್ಧತಿಯನ್ನು ಕೈಬಿಟ್ಟು, ಮೊದಲೇ ಕತ್ತರಿಸಿ ಪೊಟ್ಟಣ ಕಟ್ಟಿದ ಮಾಂಸವನ್ನು ತರಿಸುವುದಾಗಿ ಪ್ರಕಟಿಸಿತು. ಇದು ಬಹಳ ಹಿಂದೆಯೇ ಯೋಚಿಸಿದ್ದ ಕ್ರಮ, ಮತದಾನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಕಂಪನಿಯ ವಿವರಣೆ. ಹಾಗಿದ್ದರೂ ಹತ್ತು ಜನ ಯಾವ ಕೆಲಸದ ಕುರಿತು ಚೌಕಾಸಿ ಮಾಡುವ ಹಕ್ಕನ್ನು ಗೆದ್ದಿದ್ದರೋ ಆ ಕೆಲಸವೇ ಇಲ್ಲವಾಯಿತು. ಈ ಬದಲಾವಣೆಯ ಪರಿಣಾಮಗಳ ಬಗ್ಗೆ ಕಂಪನಿಯು ಸಂಘದೊಡನೆ ಮಾತುಕತೆ ನಡೆಸಬೇಕಾಗಿತ್ತು ಎಂಬ ತೀರ್ಪು ಮೇಲ್ಮನವಿ ನ್ಯಾಯಾಲಯದಲ್ಲಿ ಗಟ್ಟಿಯಾಗುವಷ್ಟರಲ್ಲಿ 2008ನೇ ಇಸವಿ ಬಂದಿತ್ತು.

ಜಗತ್ತಿನ ಅತಿ ದೊಡ್ಡ ಖಾಸಗಿ ಉದ್ಯೋಗದಾತ ಕಂಪನಿಯಾದ ವಾಲ್‌ಮಾರ್ಟ್‌ನಲ್ಲಿ ಅಮೆರಿಕವೊಂದರಲ್ಲೇ ಸುಮಾರು 16 ಲಕ್ಷ ಜನ ದುಡಿಯುತ್ತಾರೆ. ಆದರೆ ಅಲ್ಲಿನ ಒಂದು ಮಳಿಗೆಯಲ್ಲೂ ಕಾರ್ಮಿಕ ಸಂಘದೊಂದಿಗೆ ಮಾಡಿಕೊಂಡ ವೇತನ ಒಪ್ಪಂದವಿಲ್ಲ. ಇದಕ್ಕೆ ಕಾರಣವನ್ನು ಮಾಲೀಕರ ದುರಾಸೆಯಲ್ಲಿಯೋ ಕೆಲಸಗಾರರ ಹಿಂಜರಿಕೆಯಲ್ಲಿಯೋ ಹುಡುಕಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಅಗ್ಗದ ಅಂಗಡಿಯ ವ್ಯಾಪಾರದ ಲೆಕ್ಕಾಚಾರವೂ ಅಮೆರಿಕದ ಕಾರ್ಮಿಕ ಕಾನೂನಿನ ರಚನೆಯೂ ಒಂದಕ್ಕೊಂದು ಹೇಗೆ ಹೊಂದಿಕೊಂಡು ಕೂತಿವೆ ಎಂಬುದನ್ನು ಬಿಡಿಸಿ ನೋಡಿದಾಗಲೇ ಉಳಿದರ್ಧ ತಿಳಿಯುವುದು.

ಡಿಸ್ಕೌಂಟ್ ಮಳಿಗೆಗಳೆಂದು ಕರೆಯಲಾಗುವ ಈ ಅಂಗಡಿಗಳ ಇತಿಹಾಸದಲ್ಲಿ 1962 ಮುಖ್ಯವಾದ ವರ್ಷ. ಮಿಷಿಗನ್‌ನಲ್ಲಿ ಕೆಮಾರ್ಟ್, ಮಿನೆಸೋಟದಲ್ಲಿ ಟಾರ್ಗೆಟ್, ಅರ್ಕನ್ಸಾದ ರೋಜರ್ಸ್ ಪಟ್ಟಣದಲ್ಲಿ ಸ್ಯಾಮ್ ವಾಲ್ಟನ್ ಅವರ ವಾಲ್‌ಮಾರ್ಟ್, ಈ ಮೂರೂ ಆ ಒಂದೇ ವರ್ಷ ಬಾಗಿಲು ತೆರೆದವು. ಒಂದೊಂದು ವಸ್ತುವಿನ ಮೇಲೆ ಕಡಿಮೆ ಲಾಭ ಇಟ್ಟುಕೊಂಡು, ಹೆಚ್ಚು ಮಾಲು ಮಾರಿ, ಒಟ್ಟಾರೆ ಲಾಭವನ್ನು ಹಿಗ್ಗಿಸಿಕೊಳ್ಳುವುದು ಇವುಗಳ ಸೂತ್ರ. ಇಂಥ ಮಳಿಗೆಯ ಖರ್ಚಿನಲ್ಲಿ ದೊಡ್ಡ ಪಾಲು ಮಾಲಿನ ಖರೀದಿಗೆ ಹೋಗುತ್ತದೆ. ಆ ದರವನ್ನು ನಿರ್ಧರಿಸುವುದು ಕೇಂದ್ರ ಕಚೇರಿ. ಬಾಡಿಗೆ, ವಿದ್ಯುತ್ತು, ಸಾಗಣೆ ಇವು ಯಾವುದೂ ಮಳಿಗೆಯ ವ್ಯವಸ್ಥಾಪಕರ ಹಿಡಿತದಲ್ಲಿರುವುದಿಲ್ಲ. ವಾರದಿಂದ ವಾರಕ್ಕೆ ಅವರು ಹಿಗ್ಗಿಸಬಹುದಾದ, ಕುಗ್ಗಿಸಬಹುದಾದ ಖರ್ಚು ಎಂದರೆ ಕೆಲಸಗಾರರ ಗಂಟೆಗಳು ಮಾತ್ರ. ಕಡಿಮೆ ವೇತನದ ವಿಚಾರವಾಗಿ ಮುಂದೆ ಹೇಳುವ ಬಹುಪಾಲು ಸಂಗತಿಗಳು ಹುಟ್ಟುವುದು ಇಲ್ಲಿಂದ.

ವೇತನ ಕಾನೂನಿನ ಜೊತೆಗಿನ ಎಳೆದಾಟವೂ ಮೊದಲ ದಿನಗಳಿಂದಲೇ ಇತ್ತು. 1938ರಲ್ಲಿ ಬಂದ ಅಮೆರಿಕದ ಕನಿಷ್ಠ ವೇತನ ಕಾನೂನು ಚಿಲ್ಲರೆ ಅಂಗಡಿಗಳ ಬಹುತೇಕ ಕೆಲಸಗಾರರನ್ನು ಹೊರಗಿಟ್ಟಿತ್ತು. 1961ರ ತಿದ್ದುಪಡಿಯು ವರ್ಷಕ್ಕೆ 10 ಲಕ್ಷ ಡಾಲರ್ ಮತ್ತು ಅದಕ್ಕಿಂತ ಹೆಚ್ಚು ವಹಿವಾಟಿನ ಚಿಲ್ಲರೆ ಸಂಸ್ಥೆಗಳನ್ನು ಅದರೊಳಗೆ ತಂದಿತು. ವಾಲ್ಟನ್ ಅವರು ತಮ್ಮ ಒಂದೊಂದು ಅಂಗಡಿಯನ್ನೂ ಪ್ರತ್ಯೇಕ ಕಂಪನಿಯೆಂದು ತೋರಿಸಿ ಆ ಮಿತಿಯ ಕೆಳಗೆ ಉಳಿಯಲು ಯತ್ನಿಸಿದರು, ಆದರೆ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಲೆಕ್ಕಕ್ಕೆ ಬೇಕಾದಾಗ ಪ್ರತಿ ಮಳಿಗೆಯನ್ನೂ ಬೇರೆಯೆಂದು, ಬಲ ಬೇಕಾದಾಗ ಎಲ್ಲವನ್ನೂ ಒಂದೆಂದು ನಡೆಸುವ ಈ ರೀತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಕಾರ್ಮಿಕ ಸಂಘದ ವಿಷಯದಲ್ಲಿ ಇದೇ ಭೇದವನ್ನು ಕಾನೂನೇ ಮಾಲೀಕರ ಕೈಗೆ ಕೊಟ್ಟಿದೆ.

ಅಮೆರಿಕದ ಒಕ್ಕೂಟ ಸರ್ಕಾರದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಅದು ಜಾರಿಗೆ ಬಂದದ್ದು 2009ರ ಜುಲೈನಲ್ಲಿ, ಅಂದಿನಿಂದ ಒಂದು ಸೆಂಟ್ ಕೂಡ ಏರಿಲ್ಲ. ವಾರಕ್ಕೆ 40 ಗಂಟೆಯಂತೆ ವರ್ಷದ 52 ವಾರವೂ ರಜೆಯಿಲ್ಲದೆ ದುಡಿದರೂ ಕೈಗೆ ಬರುವುದು 15,080 ಡಾಲರ್. ಹಲವು ರಾಜ್ಯಗಳು ತಮ್ಮದೇ ಮೇಲಿನ ದರಗಳನ್ನು ನಿಗದಿ ಮಾಡಿವೆ, ದೊಡ್ಡ ಮಳಿಗೆಗಳು ಇಂದು ಕೊಡುವುದೂ ಇದಕ್ಕಿಂತ ಹೆಚ್ಚು. ಹಾಗಿದ್ದರೂ ವೇತನವನ್ನು ಗಂಟೆಯ ದರದಿಂದ ಮಾತ್ರ ಅಳೆಯುವುದು ತಪ್ಪು. ತಿಂಗಳ ಸಂಬಳಕ್ಕೆ ಒಗ್ಗಿಕೊಂಡ ನಮಗೆ ಈ ವ್ಯತ್ಯಾಸ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಗಂಟೆ ಲೆಕ್ಕದ ಕೆಲಸಗಾರರ ಮನೆ ನಡೆಯುವುದು ದರ ಮತ್ತು ಗಂಟೆಗಳ ಗುಣಲಬ್ಧದಿಂದ. ಗಂಟೆಗೆ 14 ಡಾಲರ್ ಪಡೆಯುವವರಿಗೆ ಒಂದು ವಾರ 38 ಗಂಟೆ, ಮುಂದಿನ ವಾರ 22 ಗಂಟೆ ಕೆಲಸ ಸಿಕ್ಕಿದರೆ, ದರ ಬದಲಾಗದಿದ್ದರೂ ವಾರದ ಗಳಿಕೆ 532 ಡಾಲರ್‌ನಿಂದ 308 ಡಾಲರ್‌ಗೆ ಇಳಿಯುತ್ತದೆ. ಮನೆ ಬಾಡಿಗೆ ಮಾತ್ರ ಇಳಿಯುವುದಿಲ್ಲ.

ಈ ಗಂಟೆಗಳನ್ನು ಈಗ ಹೆಚ್ಚಾಗಿ ಹಂಚುವುದು ತಂತ್ರಾಂಶ. ಹಿಂದಿನ ವರ್ಷಗಳ ಮಾರಾಟ, ಹಬ್ಬದ ದಿನಗಳು, ಹವಾಮಾನ ಎಲ್ಲವನ್ನೂ ಲೆಕ್ಕ ಹಾಕಿ, ಯಾವ ಹೊತ್ತಿಗೆ ಎಷ್ಟು ಗಿರಾಕಿಗಳು ಬರುತ್ತಾರೆಂದು ಅಂದಾಜಿಸಿ, ಅಷ್ಟಕ್ಕೆ ಮಾತ್ರ ಸಾಲುವಷ್ಟು ಜನರನ್ನು ಪಾಳಿಗೆ ಹಾಕುವುದು ಅದರ ಕೆಲಸ. ವ್ಯಾಪಾರ ಕಡಿಮೆಯಾದಾಗ ಉಂಟಾಗುವ ನಷ್ಟದ ಒಂದು ಭಾಗ ಹೀಗೆ ಮಳಿಗೆಯಿಂದ ಕೆಲಸಗಾರರ ಮನೆಗೆ ವರ್ಗವಾಗುತ್ತದೆ. ಪಾಳಿ ಯಾವಾಗ ಬರುತ್ತದೆಂದು ಗೊತ್ತಿಲ್ಲದ ತಾಯಿ ಮಗುವನ್ನು ನೋಡಿಕೊಳ್ಳುವವರನ್ನು ಗೊತ್ತುಮಾಡಿಕೊಳ್ಳಲಾರಳು, ಎರಡನೆಯ ಕೆಲಸವನ್ನೂ ಹಿಡಿಯಲಾರಳು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವೂ 2017ರಲ್ಲಿ ಆರೆಗನ್ ರಾಜ್ಯವೂ ದೊಡ್ಡ ಮಳಿಗೆಗಳು ಪಾಳಿಯ ಪಟ್ಟಿಯನ್ನು ಮುಂಚಿತವಾಗಿ ತಿಳಿಸಬೇಕೆಂದು ಕಾನೂನು ಮಾಡಿದ್ದು ಈ ಕಾರಣಕ್ಕಾಗಿ. ಪಾಳಿ ಹಂಚುವ ಅಧಿಕಾರಕ್ಕೆ ಇನ್ನೊಂದು ಮುಖವೂ ಇದೆ. ಯಾರನ್ನೂ ವಜಾ ಮಾಡದೆಯೇ ಅವರ ಗಂಟೆಗಳನ್ನು ಕಡಿತಗೊಳಿಸಿ ಅವರಾಗಿಯೇ ಬಿಟ್ಟುಹೋಗುವಂತೆ ಮಾಡಬಹುದು. ಸಂಘದ ಬಗ್ಗೆ ಮಾತೆತ್ತಿದ ಕೆಲಸಗಾರರು ಮೊದಲು ಹೆದರುವುದು ವಜಾ ಪತ್ರಕ್ಕಲ್ಲ, ಮುಂದಿನ ವಾರದ ಪಾಳಿಯ ಪಟ್ಟಿಗೆ.

ಮಳಿಗೆಯ ವ್ಯವಸ್ಥಾಪಕರು ಈ ಯಂತ್ರದ ನಡುವೆ ಸಿಕ್ಕಿಕೊಂಡವರು. ಕೆಲಸ ಇಷ್ಟು, ಗಂಟೆಗಳು ಇಷ್ಟೇ ಎಂದು ಮೇಲಿನಿಂದ ನಿಗದಿಯಾಗಿ ಬರುತ್ತದೆ, ಎರಡಕ್ಕೂ ತಾಳೆಯಾಗದಿದ್ದಾಗ ಊಟದ ವಿರಾಮಕ್ಕೆ ಕತ್ತರಿ ಬೀಳುತ್ತದೆ ಅಥವಾ ಹಾಜರಿ ಮುಗಿದ ಮೇಲೂ ಕೆಲಸ ಮುಂದುವರಿಯುತ್ತದೆ. ಇದು ಊಹೆಯಲ್ಲ. ಪೆನ್ಸಿಲ್ವೇನಿಯಾದ ವಾಲ್‌ಮಾರ್ಟ್ ಕೆಲಸಗಾರರು ವಿರಾಮವಿಲ್ಲದೆ, ಕೂಲಿಯಿಲ್ಲದೆ ದುಡಿದದ್ದಕ್ಕಾಗಿ ಹೂಡಿದ ದಾವೆಯಲ್ಲಿ 2006ರಲ್ಲಿ ಜ್ಯೂರಿ ಅವರ ಪರವಾಗಿ ತೀರ್ಪು ಕೊಟ್ಟಿತು, ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಅದನ್ನು ಎತ್ತಿಹಿಡಿಯಿತು. 2008ರ ಡಿಸೆಂಬರ್‌ನಲ್ಲಿ ಕಂಪನಿಯು ಹಲವು ರಾಜ್ಯಗಳಲ್ಲಿ ಬಾಕಿಯಿದ್ದ ಇದೇ ಬಗೆಯ 63 ದಾವೆಗಳನ್ನು ಒಟ್ಟಾಗಿ ರಾಜಿಯಲ್ಲಿ ಮುಗಿಸಿಕೊಂಡಿತು. ಅದಕ್ಕಾಗಿ ಕನಿಷ್ಠ 35.2 ಕೋಟಿ, ಗರಿಷ್ಠ 64 ಕೋಟಿ ಡಾಲರ್ ಕೊಡಲು ಒಪ್ಪಿತು. ಡಾಲರ್ ಅಂಗಡಿಗಳೆಂದು ಕರೆಯುವ ಇನ್ನೂ ಸಣ್ಣ ಮಳಿಗೆಗಳಲ್ಲಿ ವ್ಯವಸ್ಥಾಪಕರೇ ಸರಕು ಇಳಿಸುತ್ತಾರೆ, ನೆಲ ಒರೆಸುತ್ತಾರೆ, ಗಲ್ಲಾದ ಹಿಂದೆ ನಿಲ್ಲುತ್ತಾರೆ. ಆದರೆ ಹುದ್ದೆಯ ಹೆಸರು ‘ವ್ಯವಸ್ಥಾಪಕ’ ಎಂದಿರುವುದರಿಂದ ಅವರಿಗೆ ಓಟಿ ಕೂಲಿ ಇಲ್ಲ. ಫ್ಯಾಮಿಲಿ ಡಾಲರ್ ಕಂಪನಿಯ 1,424 ವ್ಯವಸ್ಥಾಪಕರು ಇದನ್ನು ಪ್ರಶ್ನಿಸಿ ಗೆದ್ದರು. ವಾರಕ್ಕೆ 60ರಿಂದ 70 ಗಂಟೆ, ಅದರಲ್ಲೂ ಬಹುಪಾಲು ಕೈಕೆಲಸವನ್ನೇ ಮಾಡುತ್ತಿದ್ದ ಅವರಿಗೆ ಸುಮಾರು 3.5 ಕೋಟಿ ಡಾಲರ್ ಕೊಡಬೇಕೆಂಬ ತೀರ್ಪನ್ನು ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಖಾಯಂ ಮಾಡಿತು.

ಕಡಿಮೆ ವೇತನದ ಕೊರತೆಯನ್ನು ಕೊನೆಗೆ ಯಾರು ತುಂಬುತ್ತಾರೆ ಎಂಬುದಕ್ಕೆ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2020ರಲ್ಲಿ ಕೊಟ್ಟ ವರದಿ ಉತ್ತರ ಕೊಡುತ್ತದೆ. ಸರ್ಕಾರದ ಆಹಾರ ನೆರವು ಮತ್ತು ಬಡವರ ಆರೋಗ್ಯ ನೆರವು ಪಡೆಯುತ್ತಿದ್ದ ದುಡಿಯುವ ವಯಸ್ಕರಲ್ಲಿ ಸುಮಾರು 70 ಪ್ರತಿಶತ ಮಂದಿ ವಾರಕ್ಕೆ 35 ಗಂಟೆ ಅಥವಾ ಹೆಚ್ಚು ದುಡಿಯುವವರು. ಉದ್ಯೋಗದಾತರ ವಿವರ ಕೊಟ್ಟ ಬೆರಳೆಣಿಕೆಯ ರಾಜ್ಯಗಳಲ್ಲೆಲ್ಲ, ಇಂಥ ನೆರವು ಪಡೆಯುವವರನ್ನು ಅತಿ ಹೆಚ್ಚಾಗಿ ಕೆಲಸಕ್ಕಿಟ್ಟುಕೊಂಡ ಮೊದಲ ನಾಲ್ಕು ಸಂಸ್ಥೆಗಳಲ್ಲಿ ವಾಲ್‌ಮಾರ್ಟ್ ಇತ್ತು, ಡಾಲರ್ ಅಂಗಡಿಗಳ ಹೆಸರೂ ಪಟ್ಟಿಗಳಲ್ಲಿ ಕಾಣಿಸಿತು. ಆ ಆಹಾರ ನೆರವಿನ ಹಣದಲ್ಲಿ ದೊಡ್ಡ ಪಾಲು ಖರ್ಚಾಗುವುದು ಕೂಡ ಇಂಥ ಮಳಿಗೆಗಳಲ್ಲೇ. ಪೂರ್ತಿ ದಿನ ದುಡಿದವರೂ ಸರ್ಕಾರದ ನೆರವಿಲ್ಲದೆ ಅಡುಗೆ ಮಾಡಲಾಗದ ಸ್ಥಿತಿಯನ್ನು ‘ಮಾರುಕಟ್ಟೆಯ ದರ’ ಎಂದು ಕರೆದು ಸುಮ್ಮನಾಗುವುದನ್ನು ನಾನು ಒಪ್ಪಲಾರೆ. ಆ ದರದ ಒಂದು ಪಾಲನ್ನು ತೆರಿಗೆ ಕಟ್ಟುವವರೆಲ್ಲರೂ ಸೇರಿ ಕೊಡುತ್ತಿದ್ದಾರೆ.

ಇಷ್ಟೆಲ್ಲ ಇದ್ದರೂ ಕೆಲಸಗಾರರು ಸಂಘ ಕಟ್ಟುವುದಿಲ್ಲವೇಕೆ ಎಂದು ನಮ್ಮ ಓದುಗರು ಕೇಳುವುದು ಸಹಜ. ನಮ್ಮಲ್ಲಿ ಏಳು ಮಂದಿ ಸೇರಿ ಸಂಘದ ನೋಂದಣಿಗೆ ಅರ್ಜಿ ಹಾಕಬಹುದೆಂಬ ನಿಯಮ 1926ರ ಕಾಯಿದೆಯಿಂದ ಬಂದದ್ದು. ಒಂದೇ ಕಾರ್ಖಾನೆಯ ಗೇಟಿನ ಮುಂದೆ ಮೂರು ನಾಲ್ಕು ಬಣ್ಣದ ಬಾವುಟಗಳಿರುವುದು ಬೆಂಗಳೂರಿನ ಪೀಣ್ಯವನ್ನು ಕಂಡವರಿಗೆ ಹೊಸದಲ್ಲ. ಅಮೆರಿಕದ ವ್ಯವಸ್ಥೆ ಹಾಗಿಲ್ಲ. 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯಿದೆಯ ಪ್ರಕಾರ, ಮೊದಲು ಒಂದು ‘ಚೌಕಾಸಿ ಘಟಕ’ ಯಾವುದೆಂದು ನಿರ್ಧಾರವಾಗಬೇಕು. ಚಿಲ್ಲರೆ ವ್ಯಾಪಾರದಲ್ಲಿ ಅದು ಸಾಮಾನ್ಯವಾಗಿ ಒಂದು ಮಳಿಗೆ, ಕೆಲವೊಮ್ಮೆ ಮಳಿಗೆಯ ಒಂದು ವಿಭಾಗ. ಆ ಘಟಕದ ಕನಿಷ್ಠ 30 ಪ್ರತಿಶತ ಮಂದಿ ಸಹಿ ಮಾಡಿದರೆ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಗುಪ್ತ ಮತದಾನ ನಡೆಸುತ್ತದೆ. ಬಹುಮತ ಬಂದರೆ ಸಂಘವು ಆ ಘಟಕದ ಎಲ್ಲರ ಪರವಾಗಿ ಮಾತನಾಡುವ ಏಕೈಕ ಪ್ರತಿನಿಧಿಯಾಗುತ್ತದೆ, ಬಾರದಿದ್ದರೆ ಮಾಲೀಕರು ಅದರೊಡನೆ ವೇತನದ ಮಾತುಕತೆಗೆ ಕೂರಬೇಕಾಗಿಲ್ಲ. ಗೆದ್ದರೂ ಮಾಲೀಕರ ಮೇಲೆ ಬೀಳುವ ಹೊಣೆ ಸದ್ಭಾವದಿಂದ ಮಾತುಕತೆ ನಡೆಸುವುದಷ್ಟೇ. ಒಪ್ಪಂದಕ್ಕೆ ಬರಲೇಬೇಕೆಂಬ ಕಟ್ಟಳೆ ಇಲ್ಲ. ಮೊದಲ ಒಪ್ಪಂದಕ್ಕೆ ಸರಾಸರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಕೆಲಸಗಾರರು ಬಂದು ಹೋಗುತ್ತಲೇ ಇರುವ ಇಂಥ ಮಳಿಗೆಗಳಲ್ಲಿ, ಮತ ಹಾಕಿದವರಲ್ಲಿ ಅನೇಕರು ಒಪ್ಪಂದದ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲ.

ಸಹಿ ಸಂಗ್ರಹಕ್ಕೂ ಮತದಾನಕ್ಕೂ ನಡುವಿನ ವಾರಗಳಲ್ಲಿ ನಡೆಯುವುದು ಸಮಬಲದ ಪ್ರಚಾರವಲ್ಲ. 1947ರ ಟ್ಯಾಫ್ಟ್-ಹಾರ್ಟ್ಲಿ ಕಾಯಿದೆಯು ಬೆದರಿಕೆ ಅಥವಾ ಆಮಿಷ ಇಲ್ಲದಿದ್ದರೆ ಮಾಲೀಕರು ಸಂಘದ ವಿರುದ್ಧ ಮುಕ್ತವಾಗಿ ಮಾತನಾಡಬಹುದೆಂದು ಸ್ಪಷ್ಟಪಡಿಸಿತು. ಕೆಲಸದ ಹೊತ್ತಿನಲ್ಲಿ ಎಲ್ಲರನ್ನೂ ಕಡ್ಡಾಯವಾಗಿ ಕೂಡಿಸಿ ಸಂಘ ಬೇಡವೆಂದು ತಿಳಿಹೇಳುವ ಸಭೆಗಳು ದಶಕಗಳ ಕಾಲ ಕಾನೂನುಬದ್ಧವಾಗಿಯೇ ನಡೆದವು. ಹೊರಗಿನ ಸಂಘಟಕರಿಗೆ ಮಾತ್ರ ಮಳಿಗೆಯ ಒಳಗೆ ಪ್ರಚಾರ ಮಾಡುವ ಅವಕಾಶವಿಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯು, ಸಂಘದ ಸುಳಿವು ಸಿಕ್ಕೊಡನೆ ವ್ಯವಸ್ಥಾಪಕರು ವಾಲ್‌ಮಾರ್ಟ್‌ನ ಕೇಂದ್ರ ಕಚೇರಿಯಿರುವ ಬೆಂಟನ್‌ವಿಲ್‌ಗೆ ದೂರವಾಣಿ ಮಾಡಬೇಕಾಗಿದ್ದುದನ್ನೂ, ಅಲ್ಲಿಂದ ಕಾರ್ಮಿಕ ಸಂಬಂಧದ ತಂಡ ಆ ಮಳಿಗೆಗೆ ಧಾವಿಸುತ್ತಿದ್ದುದನ್ನೂ ವಿವರವಾಗಿ ದಾಖಲಿಸಿತು. ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಿಕೊಳ್ಳಬೇಕು. ಮೊಂಟಾನ ಒಂದನ್ನು ಬಿಟ್ಟರೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಖಾಸಗಿ ಉದ್ಯೋಗದಾತರು ಕಾರಣ ಕೊಡದೆಯೇ ಒಬ್ಬರನ್ನು ಕೆಲಸದಿಂದ ತೆಗೆಯಬಹುದು. ಸಂಘ ಕಟ್ಟಿದ್ದಕ್ಕಾಗಿ ತೆಗೆಯುವುದು ಕಾನೂನುಬಾಹಿರ ನಿಜ. ಆದರೆ ಅದೇ ಕಾರಣವೆಂದು ಸಾಬೀತುಪಡಿಸಲು ವರ್ಷಗಳು ಬೇಕು. ಸಾಬೀತಾದರೂ ಕಂಪನಿಗೆ ದಂಡವಿಲ್ಲ. ಕೆಲಸಕ್ಕೆ ಮರಳಿ ಸೇರಿಸಿಕೊಂಡು, ತಪ್ಪಿಹೋದ ಸಂಬಳದಲ್ಲಿ ಆ ವ್ಯಕ್ತಿ ಬೇರೆಡೆ ದುಡಿದದ್ದನ್ನು ಕಳೆದು ಉಳಿದದ್ದನ್ನು ಕೊಟ್ಟರೆ ಬಹುತೇಕ ಅಲ್ಲಿಗೆ ಮುಗಿಯಿತು. ಕಾನೂನನ್ನು ಮುರಿಯುವ ಖರ್ಚು, ಸಂಘವನ್ನು ಒಪ್ಪಿಕೊಳ್ಳುವ ಖರ್ಚಿಗಿಂತ ಎಷ್ಟೋ ಕಡಿಮೆ.

ಒಂದು ಮಳಿಗೆಯೇ ಒಂದು ಘಟಕವಾಗುವುದರ ಪೂರ್ತಿ ಅರ್ಥ ಗೊತ್ತಾಗಬೇಕಾದರೆ ಕೆನಡಾದ ಕ್ವಿಬೆಕ್ ಪ್ರಾಂತ್ಯಕ್ಕೆ ಹೋಗಬೇಕು. ಅಲ್ಲಿನ ಕಾನೂನು ಕಾರ್ಮಿಕರಿಗೆ ಹೆಚ್ಚು ಅನುಕೂಲಕರ. ಕೆಲಸಗಾರರಲ್ಲಿ ಬಹುಮತದವರು ಸದಸ್ಯತ್ವದ ಕಾರ್ಡಿಗೆ ಸಹಿ ಮಾಡಿದರೆ ಮತದಾನವಿಲ್ಲದೆಯೂ ಸಂಘಕ್ಕೆ ಮನ್ನಣೆ ಸಿಗುತ್ತದೆ, ಮೊದಲ ಒಪ್ಪಂದಕ್ಕೆ ಮಾತುಕತೆ ಮುರಿದುಬಿದ್ದರೆ ಪಂಚರನ್ನು ನೇಮಿಸಿ ಒಪ್ಪಂದವನ್ನು ಹೇರಬಹುದು. 2001ರಲ್ಲಿ ತೆರೆದಿದ್ದ ಜೋಂಕಿಯೇರ್ ಪಟ್ಟಣದ ವಾಲ್‌ಮಾರ್ಟ್‌ನಲ್ಲಿ 2004ರ ಆಗಸ್ಟ್‌ನಲ್ಲಿ ಸಂಘಕ್ಕೆ ಮನ್ನಣೆ ಸಿಕ್ಕಿತು. ಮಾತುಕತೆ ಫಲ ಕೊಡಲಿಲ್ಲ. 2005ರ ಫೆಬ್ರುವರಿ 9ರಂದು ಪ್ರಾಂತ್ಯದ ಕಾರ್ಮಿಕ ಸಚಿವರು ವಿವಾದವನ್ನು ಪಂಚಾಯ್ತಿಗೆ ಒಪ್ಪಿಸಿದರು. ಮಳಿಗೆಯನ್ನು ಮುಚ್ಚುವುದಾಗಿ ಕಂಪನಿ ಪ್ರಕಟಿಸಿದ್ದು ಅದೇ ದಿನ. ಏಪ್ರಿಲ್ 29ರಂದು ಬಾಗಿಲು ಮುಚ್ಚಿತು, ಸುಮಾರು 190 ಮಂದಿ ಕೆಲಸ ಕಳೆದುಕೊಂಡರು. ಮಳಿಗೆ ಲಾಭದಾಯಕವಾಗಿರಲಿಲ್ಲ ಎಂದು ಕಂಪನಿ ಹೇಳಿತು.

ಪ್ರಕರಣ ಕೆನಡಾದ ಸರ್ವೋಚ್ಚ ನ್ಯಾಯಾಲಯವನ್ನು ಎರಡು ಬಾರಿ ತಲುಪಿತು. 2009ರಲ್ಲಿ ಕಂಪನಿ ಗೆದ್ದಿತು. ನಿಜವಾಗಿಯೂ, ಶಾಶ್ವತವಾಗಿ ಬಾಗಿಲು ಹಾಕಿದ್ದರೆ ವಜಾಕ್ಕೆ ಅದೇ ಸಾಕಾದ ಕಾರಣ ಎಂದು ನ್ಯಾಯಾಲಯ ಹೇಳಿತು. ಸಂಘದವರು ಕೈಚೆಲ್ಲಲಿಲ್ಲ, ಕಾನೂನಿನ ಇನ್ನೊಂದು ಕಲಮನ್ನು ಹಿಡಿದುಕೊಂಡು ಮತ್ತೆ ಹೋದರು. ಸಂಘದ ಮನ್ನಣೆಗೆ ಅರ್ಜಿ ಹಾಕಿದ ಮೇಲೆ ಮೊದಲ ಒಪ್ಪಂದ ಆಗುವವರೆಗೆ ಕೆಲಸದ ಷರತ್ತುಗಳನ್ನು ಸಂಘದ ಒಪ್ಪಿಗೆಯಿಲ್ಲದೆ ಬದಲಿಸಬಾರದೆಂಬುದು ಆ ಕಲಮು. 2014ರ ಜೂನ್ 27ರಂದು ನ್ಯಾಯಾಲಯವು 5-2ರ ಬಹುಮತದಿಂದ ಸಂಘದ ಪರ ತೀರ್ಪು ಕೊಟ್ಟಿತು. ಗುರಿಗಳನ್ನು ಮುಟ್ಟುತ್ತಾ ಚೆನ್ನಾಗಿ ನಡೆಯುತ್ತಿದ್ದ ಮಳಿಗೆಯನ್ನು ಸಾಮಾನ್ಯ ವ್ಯವಹಾರಜ್ಞಾನವಿರುವ ಯಾವ ಮಾಲೀಕರೂ ಹಾಗೆ ಮುಚ್ಚುತ್ತಿರಲಿಲ್ಲ ಎಂಬ ಪಂಚರ ತೀರ್ಮಾನವನ್ನು ಅದು ಒಪ್ಪಿತು, ಪರಿಹಾರ ಕೊಡಬೇಕೆಂದಿತು. ಆ ವೇಳೆಗೆ ಮಳಿಗೆ ಮುಚ್ಚಿ ಒಂಬತ್ತು ವರ್ಷ ಕಳೆದಿದ್ದವು. ಕೆಲಸಗಾರರು ಗೆದ್ದರು, ಕೆಲಸ ಮಾತ್ರ ಮರಳಲಿಲ್ಲ. ಉತ್ತರ ಅಮೆರಿಕದ ಉಳಿದ ಸಾವಿರಾರು ಮಳಿಗೆಗಳ ಕೆಲಸಗಾರರಿಗೆ ತಲುಪಿದ ಸುದ್ದಿ 2014ರದ್ದಲ್ಲ, 2005ರದ್ದು.

ಜೋಂಕಿಯೇರ್ ಒಂದೇ ಅಲ್ಲ. ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ 20,000ಕ್ಕೂ ಹೆಚ್ಚು ಪುಟ್ಟ ಮಳಿಗೆಗಳನ್ನು ನಡೆಸುವ ಡಾಲರ್ ಜನರಲ್ ಕಂಪನಿಯ ಮಿಸೌರಿ ರಾಜ್ಯದ ಆಕ್ಸ್‌ವಾಸ್ ಮಳಿಗೆಯಲ್ಲಿ 2017ರಲ್ಲಿ ಸಂಘ ಗೆದ್ದಿತು. 2020ರಲ್ಲಿ ಆ ಮಳಿಗೆ ಮುಚ್ಚಿತು. ಇಂಥ ಒಂದು ಅಂಗಡಿಯಲ್ಲಿ ಇರುವುದು ಹತ್ತರ ಆಸುಪಾಸಿನ ಕೆಲಸಗಾರರು. ಇಪ್ಪತ್ತು ಸಾವಿರ ಅಂಗಡಿಗಳಲ್ಲಿ ಒಂದನ್ನು ಮುಚ್ಚಿದರೆ ಕಂಪನಿಯ ವಾರ್ಷಿಕ ಲೆಕ್ಕದಲ್ಲಿ ಅದು ಕಣ್ಣಿಗೆ ಕಾಣುವುದೂ ಇಲ್ಲ. ಆ ಊರಿನ ಕೆಲಸಗಾರರಿಗಾದರೆ ಅದು ಹತ್ತಿರದಲ್ಲಿದ್ದ ಒಂದೇ ಕೆಲಸವಾಗಿರಬಹುದು. ಕಾನೂನು ಇಬ್ಬರನ್ನೂ ಒಂದೇ ಮೇಜಿನ ಎರಡು ಬದಿಗೆ ಕೂರಿಸಿ ಸಮಾನರೆಂದು ಭಾವಿಸುತ್ತದೆ. ಆದರೆ ಒಂದು ಬದಿಯವರು ಮೇಜನ್ನೇ ಎತ್ತಿಕೊಂಡು ಹೋಗಬಲ್ಲರು.

ಸಂಘವಿಲ್ಲದಿರುವುದರ ಪರಿಣಾಮ ಆ ಮಳಿಗೆಗಳ ಗೋಡೆಯೊಳಗೇ ನಿಲ್ಲುವುದಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ವಾನ್ಸ್, ರಾಲ್ಫ್ಸ್, ಆಲ್ಬರ್ಟ್‌ಸನ್ಸ್ ದಿನಸಿ ಮಳಿಗೆಗಳಲ್ಲಿ ದಶಕಗಳಿಂದ ಬಲವಾದ ಸಂಘವಿತ್ತು, ಗಲ್ಲಾದ ಕೆಲಸದಿಂದಲೇ ಒಂದು ಮನೆ ಕೊಳ್ಳುವಷ್ಟು ವೇತನವೂ ಆರೋಗ್ಯ ವಿಮೆಯೂ ಸಿಗುತ್ತಿತ್ತು. ವಾಲ್‌ಮಾರ್ಟ್ ದಿನಸಿಯನ್ನೂ ಮಾರುವ ತನ್ನ ದೊಡ್ಡ ಸೂಪರ್‌ಸೆಂಟರ್‌ಗಳನ್ನು ಅಲ್ಲಿ ತೆರೆಯಲಿದೆ ಎಂಬುದನ್ನೇ ಮುಂದಿಟ್ಟು ಆ ಮಳಿಗೆಗಳ ಮಾಲೀಕರು ವಿಮೆ ಮತ್ತು ವೇತನದಲ್ಲಿ ಕಡಿತ ಕೇಳಿದರು. 2003ರ ಅಕ್ಟೋಬರ್‌ನಿಂದ 2004ರ ಫೆಬ್ರುವರಿಯವರೆಗೆ ಸುಮಾರು 59,000 ಮಂದಿ ಮುಷ್ಕರದಲ್ಲೋ ಲಾಕೌಟ್‌ನಲ್ಲೋ ಹೊರಗುಳಿದರು. ಕೊನೆಗೆ ಹಳಬರಿಗೆ ಒಂದು ದರ, ಹೊಸದಾಗಿ ಸೇರುವವರಿಗೆ ಕಡಿಮೆ ದರ ಎಂಬ ಒಪ್ಪಂದಕ್ಕೆ ಅವರು ಸಹಿ ಮಾಡಬೇಕಾಯಿತು. ಸಂಘವಿಲ್ಲದ ಮಳಿಗೆಯೊಂದು ಇನ್ನೂ ಬಾಗಿಲು ತೆರೆಯುವ ಮೊದಲೇ, ಸಂಘವಿರುವ ಮಳಿಗೆಯ ವೇತನವನ್ನು ಇಳಿಸಿತು.

ಇದೇ ಕಂಪನಿ ಬೇರೆ ದೇಶಗಳಲ್ಲಿ ಸಂಘಗಳೊಡನೆ ಬದುಕಿದೆ ಎಂಬುದು ಗಮನಿಸಬೇಕಾದ ಮಾತು. ಬ್ರಿಟನ್ನಿನಲ್ಲಿ ಅದರ ಒಡೆತನದಲ್ಲಿದ್ದ ಆಸ್ಡಾ ಮಳಿಗೆಗಳಲ್ಲಿ ಜಿಎಂಬಿ ಸಂಘವಿತ್ತು. 2011ರಲ್ಲಿ ಬಹುಪಾಲು ಷೇರು ಕೊಂಡ ದಕ್ಷಿಣ ಆಫ್ರಿಕದ ಮ್ಯಾಸ್‌ಮಾರ್ಟ್‌ನಲ್ಲೂ ಸಂಘವಿತ್ತು. ಚೀನಾದಲ್ಲಿ 2006ರಲ್ಲಿ ಸರ್ಕಾರದ ನಿಯಂತ್ರಣದ ಕಾರ್ಮಿಕ ಒಕ್ಕೂಟಕ್ಕೆ ಮಳಿಗೆಗಳೊಳಗೆ ಜಾಗ ಸಿಕ್ಕಿತು, ಆದರೆ ಅದನ್ನು ಸ್ವತಂತ್ರ ಸಂಘವೆಂದು ಕರೆಯುವಂತಿಲ್ಲ. ಜರ್ಮನಿಯಲ್ಲಿ ಕೆಲಸಗಾರರ ಸಮಿತಿಯನ್ನು ಕೇಳದೆ ನಡತೆಯ ಸಂಹಿತೆಯೊಂದನ್ನು ಹೇರಹೊರಟಾಗ 2005ರಲ್ಲಿ ವುಪ್ಪರ್‌ಟಾಲ್‌ನ ಕಾರ್ಮಿಕ ನ್ಯಾಯಾಲಯ ಅದರ ಭಾಗಗಳನ್ನು ತಡೆಯಿತು. ಮರುವರ್ಷ ಕಂಪನಿ ಬೇರೆ ಹಲವು ಕಾರಣಗಳಿಂದ ಜರ್ಮನಿಯನ್ನು ಬಿಟ್ಟಿತು. ಅಂದರೆ ಅಗ್ಗದ ವ್ಯಾಪಾರಕ್ಕೂ ಸಂಘಕ್ಕೂ ಹುಟ್ಟು ವೈರವೇನಿಲ್ಲ. ಕಾನೂನು ಅನಿವಾರ್ಯ ಮಾಡಿದೆಡೆ ಎರಡೂ ಒಟ್ಟಿಗೆ ನಡೆದಿವೆ.

ಸಂಘದ ವಿರುದ್ಧ ಕೇಳಿಬರುವ ಮುಖ್ಯ ವಾದವೆಂದರೆ, ವೇತನ ಏರಿದರೆ ಬೆಲೆ ಏರುತ್ತದೆ, ಅದರ ಹೊಡೆತ ಬೀಳುವುದು ಅಲ್ಲಿ ಕೊಳ್ಳುವ ಬಡವರಿಗೇ ಎಂಬುದು. ಇದನ್ನು ತಳ್ಳಿಹಾಕದೆ ಲೆಕ್ಕ ಮಾಡಿ ನೋಡಬೇಕು. 2024ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ವಾಲ್‌ಮಾರ್ಟ್‌ನ ಒಟ್ಟು ವಹಿವಾಟು ಸುಮಾರು 64,800 ಕೋಟಿ ಡಾಲರ್, ನಿವ್ವಳ ಲಾಭ ಸುಮಾರು 1,550 ಕೋಟಿ, ಎಂದರೆ ನೂರಕ್ಕೆ ಎರಡೂವರೆಗಿಂತ ಕಡಿಮೆ. ಲಾಭದ ಅಂಚು ತೆಳ್ಳಗಿದೆ ಎಂಬ ಮಾತು ಸುಳ್ಳಲ್ಲ. ಈಗ ಅಮೆರಿಕದ 16 ಲಕ್ಷ ಮಂದಿಗೂ ಗಂಟೆಗೆ ಒಂದು ಡಾಲರ್ ಹೆಚ್ಚಿಸಿದರೆ, ಒಬ್ಬೊಬ್ಬರು ವರ್ಷಕ್ಕೆ ಸರಾಸರಿ 1,600 ಗಂಟೆ ದುಡಿಯುತ್ತಾರೆಂದು ಇಟ್ಟುಕೊಂಡರೆ, ಖರ್ಚು 256 ಕೋಟಿ ಡಾಲರ್ ಆಗುತ್ತದೆ. ಇದು ಲಾಭದಲ್ಲಿ ದೊಡ್ಡ ತುಂಡೇ. ಆದರೆ ಅಮೆರಿಕದೊಳಗಿನ ಮಾರಾಟವೇ 50,000 ಕೋಟಿ ಡಾಲರ್‌ಗೂ ಮೇಲಿರುವುದರಿಂದ, ಆ ಖರ್ಚನ್ನೆಲ್ಲ ಗಿರಾಕಿಗಳ ಮೇಲೆಯೇ ಹಾಕಿದರೂ ನೂರು ಡಾಲರ್ ಖರೀದಿಗೆ ಹೆಚ್ಚಾಗುವುದು ಸುಮಾರು ಅರ್ಧ ಡಾಲರ್. ವರ್ಷಕ್ಕೆ 1,600 ಡಾಲರ್ ಹೆಚ್ಚಾಗಿ ಪಡೆಯುವ ಮನೆಗೂ, ನೂರಕ್ಕೆ ಐವತ್ತು ಸೆಂಟ್ ಹೆಚ್ಚಾಗಿ ಕೊಡುವ ಮನೆಗೂ ಆಗುವ ವ್ಯತ್ಯಾಸ ಒಂದೇ ತೂಕದ್ದಲ್ಲ. ಇದೇ ಕ್ಷೇತ್ರದ ಕಾಸ್ಟ್‌ಕೊ ಹೆಚ್ಚಿನ ವೇತನ ಕೊಟ್ಟೂ ಲಾಭ ಮಾಡುತ್ತಿದೆ. 1993ರಲ್ಲಿ ಪ್ರೈಸ್ ಕ್ಲಬ್ ಜೊತೆಗಿನ ವಿಲೀನದಿಂದ ಬಂದ ಅದರ ಕೆಲವು ಮಳಿಗೆಗಳಲ್ಲಿ ಟೀಮ್‌ಸ್ಟರ್ಸ್ ಸಂಘದ ಒಪ್ಪಂದಗಳೂ ಇವೆ. ಸದಸ್ಯತ್ವ ಶುಲ್ಕ ಕಟ್ಟಬಲ್ಲ ಗಿರಾಕಿಗಳನ್ನು ನೆಚ್ಚಿಕೊಂಡ ಅದರ ವ್ಯಾಪಾರ ಬೇರೆ ಬಗೆಯದೆಂಬುದನ್ನು ಮರೆಯಬಾರದು, ಆದರೂ ಕಡಿಮೆ ಬೆಲೆಗೆ ಕಡಿಮೆ ವೇತನವೊಂದೇ ದಾರಿ ಎಂಬ ಮಾತಿಗೆ ಅದು ಉತ್ತರವಾಗುತ್ತದೆ.

ಮತದಾನದ ದಾರಿ ಮುಚ್ಚಿದೆಯೆಂದು ಕಂಡಾಗ ಕೆಲಸಗಾರರು ಬೇರೆ ದಾರಿ ಹುಡುಕಿದರು. 2012ರಲ್ಲಿ ‘ಅವರ್ ವಾಲ್‌ಮಾರ್ಟ್’ ಎಂಬ ಗುಂಪಿನವರು ವರ್ಷದ ಅತಿ ಹೆಚ್ಚು ವ್ಯಾಪಾರದ ದಿನವಾದ ಬ್ಲ್ಯಾಕ್ ಫ್ರೈಡೆಯಂದು, ಮನ್ನಣೆ ಪಡೆದ ಸಂಘವಿಲ್ಲದೆಯೇ ಕೆಲಸ ಬಿಟ್ಟು ಹೊರಬಂದರು. ಗಂಟೆಗೆ 15 ಡಾಲರ್ ಕೇಳುವ ಚಳವಳಿ ಫಾಸ್ಟ್‌ಫುಡ್ ಮಳಿಗೆಗಳಲ್ಲಿ ಶುರುವಾದದ್ದೂ ಅದೇ ವರ್ಷ. 2015ರ ಫೆಬ್ರುವರಿಯಲ್ಲಿ ವಾಲ್‌ಮಾರ್ಟ್ ಕನಿಷ್ಠ ದರವನ್ನು 9 ಡಾಲರ್‌ಗೆ, ಮುಂದಿನ ವರ್ಷ 10ಕ್ಕೆ ಏರಿಸುವುದಾಗಿ ಹೇಳಿತು. ಸುಮಾರು 5 ಲಕ್ಷ ಮಂದಿಗೆ ಅದರ ಲಾಭವಾಯಿತು. ಅದೇ ಅಕ್ಟೋಬರ್‌ನಲ್ಲಿ ವೇತನದ ಖರ್ಚು ಮುಖ್ಯ ಕಾರಣವಾಗಿ ಲಾಭ ಇಳಿಯಲಿದೆಯೆಂದು ತಿಳಿಸಿದ ದಿನ ಷೇರಿನ ಬೆಲೆ ಸುಮಾರು 10 ಪ್ರತಿಶತ ಕುಸಿಯಿತು, ಮತ್ತು ಆ ದಿನವೇ ಕಂಪನಿ 2,000 ಕೋಟಿ ಡಾಲರ್ ಮೌಲ್ಯದ ತನ್ನ ಷೇರುಗಳನ್ನು ಮರಳಿ ಕೊಳ್ಳುವ ಯೋಜನೆಯನ್ನೂ ಪ್ರಕಟಿಸಿತು. ವೇತನ ಏರಿಕೆಯ ಮೊದಲ ವರ್ಷದ ಖರ್ಚೆಂದು ಅದು ಹೇಳಿದ್ದು 100 ಕೋಟಿ. 2023ರಲ್ಲಿ ಕನಿಷ್ಠ ದರ 14 ಡಾಲರ್ ಆಯಿತು.

ಹಾಗಾದರೆ ಸಂಘವಿಲ್ಲದೆಯೂ ವೇತನ ಏರಿತಲ್ಲ ಎಂದು ಕೇಳಬಹುದು. ಏರಿತು, ಅದು ಸಣ್ಣ ಸಂಗತಿಯಲ್ಲ. ಕೆಲಸಗಾರರ ಕೊರತೆ, ರಾಜ್ಯಗಳ ಕನಿಷ್ಠ ವೇತನ ಕಾನೂನು, ಚಳವಳಿಯ ಒತ್ತಡ ಎಲ್ಲವೂ ಸೇರಿ ಅದನ್ನು ಆಗಿಸಿದವು. ಆದರೆ ಕೊಟ್ಟ ಏರಿಕೆಗೂ ಒಪ್ಪಂದದಲ್ಲಿ ಬರೆದ ದರಕ್ಕೂ ಇರುವ ಅಂತರವನ್ನು ಅದೇ 2023ರ ಸೆಪ್ಟೆಂಬರ್ ತೋರಿಸಿತು. ಕೆಲಸಗಾರರ ಕೊರತೆ ಕಡಿಮೆಯಾಗುತ್ತಿದ್ದಂತೆ, ಆನ್‌ಲೈನ್ ಆರ್ಡರ್‌ಗಳನ್ನು ಜೋಡಿಸುವ ಮತ್ತು ಕಪಾಟು ತುಂಬಿಸುವ ಕೆಲಸಕ್ಕೆ ಹೊಸದಾಗಿ ಸೇರುವವರ ಆರಂಭದ ದರವನ್ನು ಕಂಪನಿ ಗಂಟೆಗೆ ಸುಮಾರು ಒಂದು ಡಾಲರ್ ಇಳಿಸಿತು. ಇಳಿಸುವ ಮುನ್ನ ಅದು ಯಾರೊಂದಿಗೂ ಮಾತನಾಡಬೇಕಾಗಿರಲಿಲ್ಲ. ಒಪ್ಪಂದವಿದ್ದಲ್ಲಿ ಅದರ ಅವಧಿ ಮುಗಿಯುವವರೆಗೆ ದರವನ್ನು ಮುಟ್ಟುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಗಂಟೆಗಳ ಹಂಚಿಕೆ, ವಜಾಕ್ಕೆ ಕಾರಣ, ದೂರು ಕೊಡುವ ವಿಧಾನ ಇವೆಲ್ಲವೂ ಲಿಖಿತ ನಿಯಮಗಳಾಗುತ್ತವೆ. ಕೆಲಸಗಾರರು ಕೇಳುತ್ತಿರುವುದು ದೊಡ್ಡ ಮೊತ್ತವನ್ನು ಮಾತ್ರವಲ್ಲ, ಆ ಮೊತ್ತದ ಬಗ್ಗೆ ಮಾತನಾಡುವ ಹಕ್ಕನ್ನು.

ಈ ಕಥೆಗೂ ಕರ್ನಾಟಕಕ್ಕೂ ನೇರ ನಂಟಿದೆ. ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಸುಮಾರು 77 ಪ್ರತಿಶತ ಷೇರುಗಳನ್ನು ವಾಲ್‌ಮಾರ್ಟ್ 2018ರಲ್ಲಿ 1,600 ಕೋಟಿ ಡಾಲರ್‌ಗೆ ಕೊಂಡಿತು. ಅದರ ದೊಡ್ಡ ತಂತ್ರಜ್ಞಾನ ಕೇಂದ್ರವೊಂದೂ ಇದೇ ನಗರದಲ್ಲಿದೆ. ಇಲ್ಲಿ ಪೊಟ್ಟಣ ಹೊತ್ತು ಮನೆಬಾಗಿಲಿಗೆ ತರುವ ಅನೇಕರು ಕಾನೂನಿನ ಕಣ್ಣಿಗೆ ಯಾವ ಕಂಪನಿಯ ನೌಕರರೂ ಅಲ್ಲ. ಆದ್ದರಿಂದ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಹಿಂದಿನದು: ಚೌಕಾಸಿ ಮಾಡಲು ಎದುರಿಗೆ ಮಾಲೀಕರು ಇದ್ದಾರೆಯೇ ಎಂಬುದು. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯಿದೆಯು ನೋಂದಣಿ, ಕಲ್ಯಾಣ ನಿಧಿ, ಕುಂದುಕೊರತೆ ವ್ಯವಸ್ಥೆಗಳನ್ನು ಒದಗಿಸುತ್ತದೆ. ವೇತನದ ಚೌಕಾಸಿ ಅದರ ವ್ಯಾಪ್ತಿಯಲ್ಲಿಲ್ಲ.

ಅಮೆರಿಕದಲ್ಲಿ ಮುಂದೇನು ಎಂಬುದು ಮಳಿಗೆಯ ಗಡಿಯನ್ನು ದಾಟುವ ಚೌಕಾಸಿ ಸಾಧ್ಯವೇ ಎಂಬುದರ ಮೇಲೆ ನಿಂತಿದೆ. ಕಾನೂನು ಮುರಿದ ಕಂಪನಿಗಳಿಗೆ ದಂಡ ಹಾಕಲು ಅವಕಾಶ ಕೊಡುವ ಮಸೂದೆ 2020 ಮತ್ತು 2021ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಗಿ ಸೆನೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಕಡ್ಡಾಯ ಸಭೆಗಳು ಕಾನೂನುಬಾಹಿರವೆಂದು ಕಾರ್ಮಿಕ ಮಂಡಳಿ 2024ರ ನವೆಂಬರ್‌ನಲ್ಲಿ ತೀರ್ಪಿತ್ತರೂ, ಅಧ್ಯಕ್ಷರು ಬದಲಾದಂತೆ ಮಂಡಳಿಯ ಸದಸ್ಯರೂ ಅದರ ತೀರ್ಪುಗಳೂ ಬದಲಾಗುವುದು ಅಲ್ಲಿನ ವಾಡಿಕೆ. ಕೆನಡಾದ ಮಿಸ್ಸಿಸಾಗದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ವಾಲ್‌ಮಾರ್ಟ್‌ನ ಗೋದಾಮಿನ ಕೆಲಸಗಾರರು ಯೂನಿಫಾರ್ ಸಂಘವನ್ನು ಆರಿಸಿಕೊಂಡದ್ದು ಬೇರೆಯೇ ಲೆಕ್ಕದ ಮಾತು, ಏಕೆಂದರೆ ಅನೇಕ ಮಳಿಗೆಗಳಿಗೆ ಸರಕು ಹೋಗುವ ಗೋದಾಮನ್ನು ಒಂದು ಮಳಿಗೆಯಷ್ಟು ಸುಲಭವಾಗಿ ಮುಚ್ಚಲಾಗದು. ಇನ್ನೊಂದು ಮಾದರಿ ಕ್ಯಾಲಿಫೋರ್ನಿಯಾದ ಫಾಸ್ಟ್‌ಫುಡ್ ಮಂಡಳಿಯದು. 2023ರ ಕಾನೂನಿನಿಂದ ರಚನೆಯಾದ ಅದರಲ್ಲಿ ಮಾಲೀಕರ ಮತ್ತು ಕೆಲಸಗಾರರ ಪ್ರತಿನಿಧಿಗಳಿಬ್ಬರೂ ಇದ್ದಾರೆ. ಅದೇ ಕಾನೂನು 2024ರ ಏಪ್ರಿಲ್‌ನಿಂದ ಆ ರಾಜ್ಯದ ದೊಡ್ಡ ಫಾಸ್ಟ್‌ಫುಡ್ ಸರಣಿಗಳಿಗೆಲ್ಲ ಗಂಟೆಗೆ 20 ಡಾಲರ್ ಕನಿಷ್ಠ ವೇತನ ನಿಗದಿಪಡಿಸಿತು. ಇಲ್ಲಿ ಯಾವ ಅಂಗಡಿಯಲ್ಲೂ ಮತದಾನ ಗೆಲ್ಲಬೇಕಾಗಿಲ್ಲ, ಒಂದು ಅಂಗಡಿ ಮುಚ್ಚಿ ದರದಿಂದ ತಪ್ಪಿಸಿಕೊಳ್ಳುವುದೂ ಆಗದು, ಪೈಪೋಟಿಯಲ್ಲಿರುವ ದೊಡ್ಡ ಸರಣಿಗಳಿಗೆಲ್ಲ ಒಂದೇ ಕನಿಷ್ಠ ದರ. ಡಿಸ್ಕೌಂಟ್ ಮಳಿಗೆಗಳಿಗೆ ಇಂಥದೊಂದು ಮಂಡಳಿಯನ್ನು ಅಮೆರಿಕದ ಯಾವ ರಾಜ್ಯವೂ ಇನ್ನೂ ರಚಿಸಿಲ್ಲ.